ಥಾಣೆಯಿಂದ ಕಲ್ಯಾಣಕ್ಕೆ ಏಳು ಪದ



ನಮ್ಮ ಮಕ್ಕಳು ಕಂಪ್ಯೂಟರ್ ಆಟಗಳಲ್ಲಿ ಮುಳುಗಿ ಕನ್ನಡವನ್ನು ಮರೆಯುತ್ತಿದ್ದಾರೆಂಬ ದೂರು ಈ ವೇದಿಕೆಯಿಂದ ಹಲವು ಸಲ ಕೇಳಿಬಂದಿದೆ. ದೂರಿದವರಲ್ಲಿ ನಾನೂ ಒಬ್ಬ. ಇಂದು ಅದೇ ಆಟದ ಪರವಾಗಿ ಮಾತನಾಡಲು ನಿಂತಿದ್ದೇನೆ. ಕೊಂಡು ತಂದು ಆಡುವ ಆಟವಲ್ಲ, ಮಕ್ಕಳೇ ಕಟ್ಟುವ ಆಟ.

ವಿಚಾರ ಹೊಸದಲ್ಲ. ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಶಾಲೆಯೊಂದರಲ್ಲಿ ಯಾಸ್ಮಿನ್ ಕಫಾಯಿ ಎಂಬ ವಿದುಷಿ ನಾಲ್ಕನೆಯ ತರಗತಿಯ 16 ಮಕ್ಕಳಿಗೆ ಒಂದು ಕೆಲಸ ಒಪ್ಪಿಸಿದರು: ಕೆಳಗಿನ ತರಗತಿಯವರಿಗೆ ಭಿನ್ನರಾಶಿ ಕಲಿಸುವ ಆಟವನ್ನು ಲೋಗೋ ಭಾಷೆಯಲ್ಲಿ ರಚಿಸಬೇಕು. ಆರು ತಿಂಗಳ ಆ ಪ್ರಯೋಗದ ವೃತ್ತಾಂತ 1995ರಲ್ಲಿ ‘ಮೈಂಡ್ಸ್ ಇನ್ ಪ್ಲೇ’ ಎಂಬ ಪುಸ್ತಕವಾಗಿ ಬಂತು. ಕಲಿಸಹೊರಟವನು ಮೊದಲು ತಾನೇ ಕಲಿಯಬೇಕಾಗುತ್ತದೆ ಎಂಬುದು ಅದರ ತಿರುಳು.

ಕಳೆದ ಬೇಸಗೆ ರಜೆಯಲ್ಲಿ ಸಂಘದ ಕೊಠಡಿಯಲ್ಲಿ ಐದು ಮಕ್ಕಳೊಡನೆ ನಾವೂ ಇದಕ್ಕೆ ಕೈಹಾಕಿದೆವು. ಎಂ.ಐ.ಟಿ.ಯವರು 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ನಮ್ಮ ಸಾಧನ. ಅದು ಉಚಿತ, ಆಜ್ಞೆಗಳನ್ನು ಮಣೆಗಳಂತೆ ಒಂದಕ್ಕೊಂದು ಜೋಡಿಸಿದರೆ ಸಾಕು. ಆಟವೂ ಸರಳ. ಪರದೆಯ ಮೇಲೆ ಒಂದು ಚಿತ್ರ, ಅದರ ಕೆಳಗೆ ಹೆಸರಿನ ಅಕ್ಷರಗಳು ಕಲಸಿಹೋಗಿ ಬಿದ್ದಿರುತ್ತವೆ. ಸರಿಯಾಗಿ ಜೋಡಿಸಿದರೆ ಲೋಕಲ್ ಗಾಡಿ ಒಂದು ನಿಲ್ದಾಣ ಮುಂದಕ್ಕೆ: ಥಾಣೆ, ಕಳ್ವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ. ಏಳು ಪದಕ್ಕೆ ಊರು ಮುಟ್ಟಬಹುದು. ನಿತ್ಯ ಆ ಗಾಡಿಯಲ್ಲಿ ನೇತಾಡುವ ನಮಗಿಂತ ಇದು ಎಷ್ಟೋ ಸುಖ.

ಮೊದಲ ದಿನವೇ ಗಾಡಿ ನಿಂತಿತು. ‘ಕನ್ನಡ’ ಎಂಬ ಪದವನ್ನು ಕಲಸಲು ಹೇಳಿದರೆ ಯಂತ್ರ ಐದು ಚೂರು ಮಾಡಿತು. ನಮಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ಒತ್ತನ್ನು ಕೂಡಿಸುವ ವಿರಾಮಚಿಹ್ನೆ, ಮತ್ತೊಂದು ನ, ಡ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ ಆರು ಸಂಕೇತ. ಕಲಸಿದಾಗ ಒತ್ತು ಕಳಚಿ ಬೇರೆಲ್ಲೋ ಅಂಟಿಕೊಂಡಿತು. ಹಾಗಾದರೆ ಪ್ರತಿ ಪದವನ್ನೂ ಎಲ್ಲಿ ತುಂಡರಿಸಬೇಕೆಂದು ನಾವೇ ಪಟ್ಟಿ ಮಾಡಿಕೊಡಬೇಕು: ಕ, ನ್ನ, ಡ. ಈ ಐವರಲ್ಲಿ ಮೂವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕಾಗುಣಿತ, ಒತ್ತಕ್ಷರಗಳನ್ನು ನಾನು ಎರಡು ವರ್ಷ ಭಾನುವಾರದ ತರಗತಿಯಲ್ಲಿ ಹೇಳಿಕೊಟ್ಟು ಸೋತಿದ್ದೆ. ಯಂತ್ರದ ತಪ್ಪು ತಿದ್ದುವ ಹಟದಲ್ಲಿ ಅವರು ಅದನ್ನು ತಾವಾಗಿಯೇ ಕೇಳಿ ಕಲಿತರು.

ಪದಗಳ ವಿಷಯದಲ್ಲಿ ತಪ್ಪು ನನ್ನದು. ಕಚೇರಿಯ ಅಭ್ಯಾಸಬಲದಿಂದ, ನಿಘಂಟು ಹಿಡಿದು ಅರವತ್ತು ಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಟ್ಟಿದ್ದೆ. “ಅಂಕಲ್, ಇದನ್ನೆಲ್ಲ ಯಾರು ಮಾತಾಡ್ತಾರೆ?” ಎಂದ ಒಬ್ಬ ಹುಡುಗ. ಪಟ್ಟಿ ಮಡಚಿಟ್ಟು, ಮನೆಯಲ್ಲಿ ಕೇಳಿ ಬನ್ನಿ ಎಂದೆ. ಮರುದಿನ ನೀರು ಕುಡಿಯುವ ಪಾತ್ರೆಯ ಒಂದೇ ಚಿತ್ರಕ್ಕೆ ಮೂರು ಹೆಸರು ಬಂದವು: ಚೊಂಬು, ತಂಬಿಗೆ, ಚರಿಗೆ. ಯಾವುದು ಸರಿ? ಅಲ್ಲಿದ್ದ ಹಿರಿಯರು ಅರ್ಧ ಗಂಟೆ ವಾದಿಸಿದೆವು. ಕರಾವಳಿ, ಬಯಲುಸೀಮೆ, ಮೈಸೂರು ಎಲ್ಲವೂ ಎದ್ದು ನಿಂತವು. ಅಷ್ಟರಲ್ಲಿ ಹನ್ನೊಂದರ ಹುಡುಗಿಯೊಬ್ಬಳು ಮೂರನ್ನೂ ಪಟ್ಟಿಗೆ ಸೇರಿಸಿ, ಚೀಟಿ ಎತ್ತಿದಂತೆ ಪ್ರತಿಸಲ ಒಂದು ಬರುವ ಹಾಗೆ ಮಾಡಿಬಿಟ್ಟಿದ್ದಳು. ಈಗ ಚೊಂಬಿನ ಮನೆಯ ಮಗುವೂ ಚರಿಗೆ ಎಂಬುದನ್ನು ಜೋಡಿಸಿದ ಮೇಲೆಯೇ ಗಾಡಿ ಮುಂದೆ ಹೋಗುವುದು. ಏಕೀಕರಣದ ಬಗ್ಗೆ ನಾನು ಮಾಡಿದ ಭಾಷಣಗಳಲ್ಲಿ ಇಷ್ಟು ಸುಲಭವಾಗಿ ಒಂದು ತೀರ್ಮಾನಕ್ಕೆ ಬಂದ ನೆನಪಿಲ್ಲ.

ಅದೇ ಹುಡುಗಿ ಐರೋಲಿಯವಳು. ನಮ್ಮ ಮಾರ್ಗ ಏಕಿಲ್ಲ ಎಂದು ಜಗಳ ತೆಗೆದು ಥಾಣೆ–ವಾಶಿ ಆಟವನ್ನು ಆರಂಭಿಸಿದ್ದಾಳೆ. 2024ರಲ್ಲಿ ತೆರೆದ ದಿಘಾ ಗಾಂವ್ ನಿಲ್ದಾಣವನ್ನು ನಾನು ಮರೆತಿದ್ದೆ, ಅವಳು ಮರೆಯಲಿಲ್ಲ. ಅದಕ್ಕೆ ಪದಗಳು ಬೇಕು. ಹೊರಗೆ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಹೋಗುವ ಮುನ್ನ ದಯವಿಟ್ಟು ನಿಮ್ಮ ಅಜ್ಜಿ ಆಡುತ್ತಿದ್ದ ಪದವೊಂದನ್ನು, ಊರಿನ ಹೆಸರಿನೊಂದಿಗೆ, ಅಕ್ಷರ ಬಿಡಿಸಿ ಬರೆದುಕೊಡಿ.