ಯಿವು ಮಾರ್ಕೆಟ್ಟಿಗೆ ಹೋದ ಚನ್ನಪಟ್ಟಣದ ಗಿಲಕಿ



ಚೀನಾದಲ್ಲಿ ಐದು ವರ್ಷ ಇದ್ದೆ ಅಂದ ಕೂಡಲೇ ನಮ್ಮ ಜನ ಎರಡು ಪ್ರಶ್ನೆ ಕೇಳ್ತಾರೆ. ಒಂದು, ಊಟಕ್ಕೇನು ಮಾಡ್ತಿದ್ರಿ, ಹಾವು ಗೀವು ತಿಂದ್ರಾ? ಇನ್ನೊಂದು, ಅವರು ಅಷ್ಟು ಕಡಿಮೆ ರೇಟಿಗೆ ಹೇಗೆ ಕೊಡ್ತಾರೆ? ಮೊದಲನೆಯದಕ್ಕೆ ಉತ್ತರ ಬೇಗ ಮುಗಿಯುತ್ತೆ. ಹಾವು ತಿಂದಿಲ್ಲ. ಟೊಮೆಟೊ ಮೊಟ್ಟೆ ಪಲ್ಯ, ಅನ್ನ, ಮನೆಯಿಂದ ತಗೊಂಡು ಹೋದ ಉಪ್ಪಿನಕಾಯಿ. ಎರಡನೆಯ ಪ್ರಶ್ನೆಗೆ ಉತ್ತರ ಹೇಳೋಕೆ ಹೋದ್ರೆ ನಮ್ಮಪ್ಪನ ಕಥೆ ಹೇಳಬೇಕಾಗುತ್ತೆ. ಇವತ್ತು ಅದನ್ನೇ ಹೇಳ್ತೀನಿ.

ನಮ್ಮದು ಚನ್ನಪಟ್ಟಣ. ಅಪ್ಪ ಗೊಂಬೆ ಕೆಲಸದವರು. ಆಲೆ ಮರದ ತುಂಡನ್ನ ಲೇತಿಗೆ ಕೊಟ್ಟು, ಉಳಿಯಲ್ಲಿ ರೂಪ ತೆಗೆದು, ತಿರುಗ್ತಿರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯೋದು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಆಮೇಲೆ ತಾಳೆಗರಿಯಲ್ಲಿ ತೀಡಿದ್ರೆ ಹೊಳಪು. ನಾನು ಈ ಕೆಲಸ ಕಲೀಲಿಲ್ಲ. ಬಿ.ಕಾಂ. ಮಾಡಿ, ಬೆಂಗಳೂರಿನಲ್ಲಿ ಆಮದು ವ್ಯಾಪಾರದವರ ಹತ್ತಿರ ಲೆಕ್ಕ ಬರೀತಿದ್ದೆ. ಅವರ ಕಡೆಯವರದ್ದೇ ಒಂದು ಏಜೆಂಟ್ ಆಫೀಸು ಚೀನಾದ ಯಿವು ಅನ್ನೋ ಊರಿನಲ್ಲಿತ್ತು. 2015ರ ಮಾರ್ಚಿನಲ್ಲಿ ಕೆಲಸದ ವೀಸಾ ಮಾಡಿಸಿ ಅಲ್ಲಿಗೆ ಕಳಿಸಿದ್ರು.

ಹೊರಡುವಾಗ ಅಮ್ಮ ಅತ್ತಿದ್ದು ದೂರಕ್ಕಲ್ಲ, ಹೆದರಿಕೆಗೆ. 2012ರ ಆರಂಭದಲ್ಲಿ ಯಿವು ಹೆಸರು ಪೇಪರಿನಲ್ಲಿ ಬಂದಿತ್ತು. ಕಂಪನಿ ಬಾಕಿ ಉಳಿಸಿಕೊಂಡಿತು ಅಂತ ಅಲ್ಲಿನ ವ್ಯಾಪಾರಿಗಳು ಇಬ್ಬರು ಭಾರತೀಯರನ್ನ ಕೂಡಿ ಹಾಕಿದ್ರು, ಯಿವು ಜೊತೆ ವ್ಯಾಪಾರವೇ ಬೇಡ ಅಂತ ಬೀಜಿಂಗಿನ ನಮ್ಮ ರಾಯಭಾರ ಕಚೇರಿ ಆಗ ಎಚ್ಚರಿಕೆ ಕೊಟ್ಟಿತ್ತು. ಅದನ್ನ ಯಾರೋ ಸಂಬಂಧಿಕರು ನೆನಪಿಟ್ಟುಕೊಂಡು ಸರಿಯಾಗಿ ನಾನು ಹೊರಡೋ ಹಿಂದಿನ ದಿನ ಅಮ್ಮನ ಕಿವಿಗೆ ಹಾಕಿದ್ರು.

ಶಾಂಘೈನಿಂದ ಯಿವು ಸುಮಾರು 300 ಕಿಲೋಮೀಟರ್, ವೇಗದ ರೈಲಿನಲ್ಲಿ ಎರಡು ಗಂಟೆ ಒಳಗೇ ತಲುಪ್ತೀರಿ. ಆದ್ರೆ ಟಿಕೆಟ್ ತಗೊಳ್ಳೋಕೆ ನನಗೆ ಒಂದು ಗಂಟೆ ಹಿಡೀತು. ಸಾಲಾಗಿ ಟಿಕೆಟ್ ಮಷೀನುಗಳಿದ್ವು, ಆಗ ಅವು ಓದ್ತಿದ್ದದ್ದು ಚೀನೀಯರ ಗುರುತಿನ ಚೀಟಿ ಮಾತ್ರ. ವಿದೇಶಿ ಅಂದ್ರೆ ಪಾಸ್‌ಪೋರ್ಟ್ ಹಿಡ್ಕೊಂಡು ಕೌಂಟರ್ ಕ್ಯೂನಲ್ಲಿ ನಿಲ್ಲಬೇಕು. ರಾತ್ರಿ ಯಿವುನಲ್ಲಿ ಇಳಿದ್ರೆ, ಸ್ಟೇಷನ್ ಹತ್ತಿರದ ಎರಡು ಸಣ್ಣ ಹೋಟೆಲಿನವರು ಪಾಸ್‌ಪೋರ್ಟ್ ನೋಡಿ ತಲೆ ಅಲ್ಲಾಡಿಸಿ ಕಳಿಸಿದ್ರು. ಬಣ್ಣ ನೋಡಿ ಬೇಡ ಅಂದ್ರು ಅಂತ ನಾನು ಕುದೀತಿದ್ದೆ. ವಿದೇಶಿಯರನ್ನ ಇಳಿಸಿಕೊಂಡ್ರೆ ಪೊಲೀಸರಿಗೆ ಅವರ ವಿವರ ದಾಖಲಿಸಬೇಕು, ಸಣ್ಣ ಹೋಟೆಲಿನವರಿಗೆ ಆ ತಲೆನೋವು ಬೇಡ, ಅಷ್ಟೇ ಅಂತ ಆಮೇಲೆ ಗೊತ್ತಾಯ್ತು.

ಆ ದಾಖಲೆ ವಿಷಯ ಅಲ್ಲಿಗೆ ಹೋಗೋರು ನೆನಪಿಡಬೇಕಾದ್ದು. ಹೋಟೆಲ್ ಬಿಟ್ಟು ಬಾಡಿಗೆ ರೂಮಿನಲ್ಲೋ ಸ್ನೇಹಿತರ ಮನೆಯಲ್ಲೋ ಉಳಿದ್ರೆ 24 ಗಂಟೆ ಒಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು. ತಪ್ಪಿದ್ರೆ 2 ಸಾವಿರ ಯುವಾನ್ ತನಕ ದಂಡ ಹಾಕಬಹುದು. ನಾನು ಒಂದು ಸಲ ಮರೆತೆ. ಠಾಣೆಯಲ್ಲಿದ್ದ ಹುಡುಗಿ ಫೋನಿನ ಅನುವಾದದಲ್ಲಿ ಬರೆದು ತೋರಿಸಿದಳು: "ಈ ಬಾರಿ ಟೀಕೆ ಮಾತ್ರ." ಬೈದು ಬಿಡ್ತೀವಿ ಅಂತ ಅರ್ಥ.

ಇನ್ನು ಮಾರ್ಕೆಟ್ಟು. ಚಿಕ್ಕಪೇಟೆ, ಮಾಮೂಲ್‌ಪೇಟೆ ಎಲ್ಲ ಸೇರಿಸಿ ಒಂದೇ ಸೂರಿನ ಕೆಳಗೆ ಇಟ್ಟರೂ ಇದರ ಒಂದು ಮೂಲೆಗೆ ಸಾಲದು. ನಾನಿದ್ದಾಗ ಐದು ವಿಭಾಗ, 75 ಸಾವಿರದಷ್ಟು ಅಂಗಡಿ ಇದ್ವು. ಒಂದನೆಯ ವಿಭಾಗದ ನೆಲಮಹಡಿಯಲ್ಲಿ ಆಟಿಕೆ, ಅದೇ ನನ್ನ ಜಾಗ. ಅಂಗಡಿ ಅಂದ್ರೆ ಗೂಡಿನ ಹಾಗೆ, ಗೋಡೆ ತುಂಬ ಸ್ಯಾಂಪಲ್. ಚಿಲ್ಲರೆ ಮಾರಾಟ ಬಹಳ ಕಡಿಮೆ, ಮಾತೆಲ್ಲ ಬಾಕ್ಸಿನ ಲೆಕ್ಕದಲ್ಲಿ. ಒಬ್ಬ ನೈಜೀರಿಯಾದವನು, ಒಬ್ಬ ಯೆಮೆನಿನವನು, ಒಬ್ಬ ನಾನು, ಮಧ್ಯ ಒಂದು ಕ್ಯಾಲ್ಕುಲೇಟರ್. ಅವರು ಒತ್ತಿ ತೋರಿಸ್ತಾರೆ, ನಾವು ಅಳಿಸಿ ಒತ್ತಿ ತೋರಿಸ್ತೀವಿ.

ಕ್ಯಾಲ್ಕುಲೇಟರ್ ಬಿಟ್ಟು ಬಾಯಲ್ಲಿ ವ್ಯವಹಾರ ಮಾಡೋಕೆ ಹೋಗಿ ನಾನು ಕೆಟ್ಟೆ. ಚೀನೀ ಭಾಷೆಯಲ್ಲಿ ನಾಲ್ಕಕ್ಕೆ 'ಸ', ಹತ್ತಕ್ಕೆ 'ಶ'. ಅಕ್ಷರವನ್ನ ನುಂಗಿಕೊಂಡು ಹೇಳಬೇಕು, ಸ್ವರದ ಏರಿಳಿತ ಬೇರೆ. ಆ ಕಡೆಯ ಸ್ಥಳೀಯರು 'ಶ' ಅನ್ನೋದನ್ನೂ 'ಸ' ಅಂತಲೇ ಅಂತಾರೆ. ನಾನು ನಾಲ್ಕು ಬಾಕ್ಸ್ ನೀರಿನ ಪಿಸ್ತೂಲು ಹೇಳಿದ್ದೆ, ಗೋಡೌನಿಗೆ ಹತ್ತು ಬಂತು. ಆವತ್ತಿನಿಂದ ಅವರ ಕೈಸನ್ನೆ ಕಲಿತೆ. ಒಂದೇ ಕೈಯಲ್ಲಿ ಹತ್ತರ ತನಕ ಎಣಿಸ್ತಾರೆ. ಹೆಬ್ಬೆರಳು ಕಿರುಬೆರಳು ಚಾಚಿದ್ರೆ ಆರು, ಹೆಬ್ಬೆರಳು ತೋರುಬೆರಳು ಚಾಚಿದ್ರೆ ಎಂಟು. ಈಗಲೂ ಕೆಲವು ಸಲ ಚನ್ನಪಟ್ಟಣದಲ್ಲಿ ತರಕಾರಿಯವನಿಗೆ ಹಾಗೇ ತೋರಿಸಿಬಿಡ್ತೀನಿ.

ಆ ಹತ್ತು ಬಾಕ್ಸ್ ಕಳಿಸಿದವಳೇ ನನಗೆ ಅಲ್ಲಿ ಹತ್ತಿರದವಳಾದಳು. ಅಂಗಡಿ ಯಜಮಾನಿಯನ್ನ ಅಲ್ಲಿ ಲಾವ್‌ಪಾನ್ ನ್ಯಾಂಗ್ ಅಂತಾರೆ, ನಾನೂ ಹಾಗೇ ಕರೀತಿದ್ದೆ. ವಯಸ್ಸು ನಮ್ಮಕ್ಕನಷ್ಟು. ಆರು ಬಾಕ್ಸ್ ವಾಪಸ್ ತಗೊಂಡಳು, ಅದರ ಸಾಗಣೆ ಖರ್ಚು ಮಾತ್ರ ನನ್ನಿಂದಲೇ ವಸೂಲಿ ಮಾಡಿದಳು. ಅವಳ ಮಾವ ಹಳೆಯ ಕಾಲದಲ್ಲಿ ಊರೂರು ಅಲೆದು, ಬೆಲ್ಲದ ಮಿಠಾಯಿ ಕೊಟ್ಟು ಕೋಳಿ ಗರಿ ತಗೊಳ್ತಿದ್ದವರಂತೆ. ಯಿವು ಸುತ್ತ ಕಬ್ಬು ಬೆಳೀತಾರೆ, ಬೆಲ್ಲ ಮಾಡ್ತಾರೆ, ನಮ್ಮ ಮಂಡ್ಯದ ಹಾಗೇ. ಗರಿ ಗೊಬ್ಬರಕ್ಕೂ ಧೂಳು ಹೊಡೆಯೋ ಪೊರಕೆಗೂ ಆಗ್ತಿತ್ತು. ಇಡೀ ಮಾರ್ಕೆಟ್ಟಿನ ಮೂಲವೇ ಅದು. ಬೀದಿ ವ್ಯಾಪಾರ ಆಗ ಅಪರಾಧದ ಹಾಗೆ. 1982ರಲ್ಲಿ ಫಂಗ್ ಐಛ್ಯೆನ್ ಅನ್ನೋ ಹೆಂಗಸು ಕೌಂಟಿಯ ಪಕ್ಷದ ಕಾರ್ಯದರ್ಶಿ ಶ್ಯೆ ಕಾವ್‌ಹ್ವಾ ಅವರನ್ನ ತಡೆದು ನಿಲ್ಲಿಸಿ, ನಾವು ಬದುಕೋದು ಹೇಗೆ ಅಂತ ಜಗಳಕ್ಕೆ ನಿಂತರು. ಅದೇ ವರ್ಷ ಆ ಕಾರ್ಯದರ್ಶಿ ಸಂತೆಗೆ ಅನುಮತಿ ಕೊಟ್ಟರು. ಯಿವುನಲ್ಲಿ ಈ ಕಥೆ ಗೊತ್ತಿಲ್ಲದವರಿಲ್ಲ.

ಗರಿ ವ್ಯಾಪಾರಿಗಳು ಬೀದಿಗೆ ಬಂದಾಗ ಗಿರಗಿರ ತಿರುಗಿಸೋ ಸಣ್ಣ ಡಮರು ಬಾರಿಸ್ತಿದ್ರಂತೆ. ಅದನ್ನ ಕೇಳಿ ನನಗೆ ಅಪ್ಪ ಮಾಡೋ ಗಿಲಕಿ ನೆನಪಾಯ್ತು. ಮೊದಲ ಸಲ ರಜೆಗೆ ಊರಿಗೆ ಬಂದು ವಾಪಸ್ ಹೋಗುವಾಗ ಒಂದು ಕೆಂಪು ಹಳದಿ ಗಿಲಕಿ ತಗೊಂಡು ಹೋಗಿ ಅವಳಿಗೆ ಕೊಟ್ಟೆ. ಉಡುಗೊರೆ ಅಂತಲೇ ಕೊಟ್ಟಿದ್ದು.

ಅವಳು ಅಲ್ಲಾಡಿಸಿ ನೋಡಿದಳು. ಕಿವಿ ಹತ್ತಿರ ಹಿಡಿದಳು. ಉಗುರಲ್ಲಿ ಅರಗು ಕೆರೆದಳು. ಆಮೇಲೆ ಕೇಳಿದಳು: ಎಷ್ಟು ಪೀಸು?

ನನಗೆ ಅರ್ಥವಾಗಲಿಲ್ಲ. ಅವಳ ಪ್ರಕಾರ ಏಜೆಂಟ್ ಅಂಗಡಿಗೆ ಒಂದು ವಸ್ತು ತಂದು ಕೊಟ್ಟ ಅಂದ್ರೆ ಅದು ಸ್ಯಾಂಪಲ್. ಇಲ್ಲ, ಇದು ನಿನಗೆ ಅಂದೆ, ನಕ್ಕು ಮೊಳೆಗೆ ನೇತು ಹಾಕಿದಳು. ತಿಂಗಳಾದ ಮೇಲೆ ಮೇಜಿನ ಮೇಲೆ ಐದು ಗಿಲಕಿ ಇಟ್ಟು ಕಾದಿದ್ದಳು. ಅದೇ ಆಕಾರ, ಅದೇ ಕೆಂಪು ಹಳದಿ. 3 ಸಾವಿರ ಪೀಸ್ ತಗೊಂಡ್ರೆ ಒಂದಕ್ಕೆ ಒಂದೂವರೆ ಯುವಾನ್, ಅಂದ್ರೆ ಆಗಿನ ಲೆಕ್ಕಕ್ಕೆ 15 ರೂಪಾಯಿ. ಅಪ್ಪ ಅಂಗಡಿಗಳಿಗೆ ಹಾಕ್ತಿದ್ದದ್ದು 35ಕ್ಕೆ.

ಅವಳ ಮೇಲೆ ತಪ್ಪು ಹೊರಿಸಿ ಮುಗಿಸಬಹುದಿತ್ತು. ಆದ್ರೆ ಆ ಐದರ ಫೋಟೊ ತೆಗೆದು ಬೆಂಗಳೂರಿಗೆ ಕಳಿಸಿದವನು ನಾನು. ಯಾಕೆ ಅಂತ ಕೇಳಿದ್ರೆ, ಆ ತಿಂಗಳು ನನ್ನ ಆರ್ಡರ್ ಕಡಿಮೆ ಇತ್ತು, ಅಷ್ಟೇ. ಇಂಥ ಕೆಲಸಗಳಿಗೆ ಕಾರಣ ಬಹಳ ಸಣ್ಣದಿರುತ್ತೆ. ಬೆಂಗಳೂರಿನವರು 6 ಸಾವಿರ ಪೀಸ್ ಹೇಳಿದ್ರು.

ಆರ್ಡರ್ ನೋಡೋಕೆ ಅವಳ ಜೊತೆ ಯುನ್‌ಹ ಅನ್ನೋ ಊರಿಗೆ ಹೋಗಿದ್ದೆ. ಅದೇ ಪ್ರಾಂತ್ಯದ ಬೆಟ್ಟಗಳ ನಡುವೆ ಇದೆ, ಮರದ ಆಟಿಕೆಗೇ ಹೆಸರಾದ ಊರು. ಇಳಿದ ಕೂಡಲೇ ಮರದ ಹೊಟ್ಟಿನ ವಾಸನೆ, ನಮ್ಮ ಬೀದಿಯದೇ ವಾಸನೆ. ಒಳಗೆ ಮಾತ್ರ ಬೇರೆ. ಮಷೀನು ತಾನೇ ಕಡೆದು ಬೀಳಿಸುತ್ತೆ, ಬಣ್ಣ ಗನ್ನಿನಲ್ಲಿ ಸಿಂಪಡಿಸ್ತಾರೆ, ಒಬ್ಬೊಬ್ಬರ ಮುಂದೆ ಒಂದೊಂದೇ ಕೆಲಸ. ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತೆ: ಅಪ್ಪ ಒಬ್ಬರೇ ಮಾಡೋ ಒಂಬತ್ತು ಕೆಲಸವನ್ನ ಒಂಬತ್ತು ಜನ ಪಕ್ಕಪಕ್ಕದಲ್ಲಿ ಕೂತು ಮಾಡ್ತಾರೆ, ಮರ, ಬಣ್ಣ, ಬಾಕ್ಸು, ಲಾರಿ ಎಲ್ಲ ಅದೇ ಬೀದಿಯಲ್ಲಿ ಸಿಗುತ್ತೆ. ಮೂಲೆಯಲ್ಲಿ ಒಬ್ಬ ಮುದುಕ ಕೈಯಲ್ಲಿ ಕಡೀತಿದ್ದ, ಸ್ಯಾಂಪಲ್ ಮಾಡೋನು. ನನ್ನ ಗಿಲಕಿಗಳನ್ನ ಮೊದಲು ಮಾಡಿದ್ದೂ ಅವನೇ. ಹೆಬ್ಬೆರಳಿನ ಉಗುರು ಅಪ್ಪನದರ ಹಾಗೇ ಸೀಳಿತ್ತು. ಮಾತಾಡಿಸೋಣ ಅಂದ್ರೆ ಅವನದು ಆ ಊರಿನ ಭಾಷೆ, ಲಾವ್‌ಪಾನ್ ನ್ಯಾಂಗಿಗೇ ಅರ್ಧ ತಿಳೀತಿರಲಿಲ್ಲ.

ಮಾಲು ನಿಂಗ್ಬೊ ಬಂದರಿನಿಂದ ಚೆನ್ನೈಗೆ, ಅಲ್ಲಿಂದ ಬೆಂಗಳೂರಿಗೆ ಬಂತು. ಮುಂದೆ ಎಲ್ಲಿ ಹೋಯ್ತು ಅಂತ ನಾನು ವಿಚಾರಿಸಲಿಲ್ಲ. ಒಂದು ದಿನ ಅಪ್ಪನ ಫೋನು. ಮೈಸೂರು ರಸ್ತೆಯ ಒಂದು ಅಂಗಡಿಯಲ್ಲಿ, ಚನ್ನಪಟ್ಟಣದಲ್ಲೇ, ಚನ್ನಪಟ್ಟಣದ ಗೊಂಬೆ ಅಂತ ಬೋರ್ಡ್ ಹಾಕಿರೋ ಅಂಗಡಿಯಲ್ಲೇ, ಒಂದು ಗಿಲಕಿ ನೋಡಿದ್ರಂತೆ.

"ನಂದೇ ಅಂತ ಕೈಗೆ ತಗೊಂಡೆ ಕಣೋ. ಸದ್ದು ಸರಿಯಿರ್ಲಿಲ್ಲ. ಒಳಗೆ ಪ್ಲಾಸ್ಟಿಕ್ ಮಣಿ ಹಾಕವ್ರೆ."

ನಾನು ಸುಮ್ಮನಿದ್ದೆ.

"ಬಣ್ಣ ಎಂಥದ್ದು ಅದು? ಮಗ ಬಾಯಿಗಿಟ್ಕೊಳುತ್ತೆ. ನಿಂಗೊತ್ತಾ?"

ಗೊತ್ತಿರಲಿಲ್ಲ. ಆರು ಸಾವಿರ ಪೀಸ್ ಎಣಿಸಿ ಬಾಕ್ಸಿಗೆ ಸೀಲ್ ಹಾಕಿಸಿದ್ದೆ, ಬಣ್ಣ ಯಾವುದು ಅಂತ ಒಂದು ಸಲ ಕೇಳಿರಲಿಲ್ಲ. ಅದನ್ನ ಕಳಿಸಿದ್ದು ನಾನೇ ಅಂತ ಆವತ್ತು ಹೇಳಲಿಲ್ಲ. ಮೂರು ದಿನ ಬಿಟ್ಟು ನಾನೇ ಫೋನ್ ಮಾಡಿ ಹೇಳಿದೆ. ಅಪ್ಪ "ಗೊತ್ತಾಯ್ತು ಬಿಡು" ಅಂದ್ರು. ಆ ಮೇಲೆ ಎಂಟು ತಿಂಗಳು ಫೋನಿನಲ್ಲಿ ಅಮ್ಮ ಮಾತ್ರ ಮಾತಾಡಿದ್ದು. ಮತ್ತೆ ಗಿಲಕಿ ಆರ್ಡರ್ ಬಂದಾಗ ನಾನು ಲಾವ್‌ಪಾನ್ ನ್ಯಾಂಗಿಗೆ ಬಣ್ಣದ ಪರೀಕ್ಷೆಯ ಪತ್ರ ಕೇಳಿದೆ. ಪತ್ರ ಇದ್ದ ಬಣ್ಣ ಹಾಕಿಸಿದ್ರೆ ರೇಟು ಏರ್ತದೆ ಅಂದಳು. ಬೆಂಗಳೂರಿನವರು ಏರಿದ ರೇಟಿಗೆ ಒಪ್ಪಲಿಲ್ಲ, ಆರ್ಡರ್ ಅಲ್ಲಿಗೇ ನಿಂತಿತು.

2020ರ ಜನವರಿಯಲ್ಲಿ ಚೀನೀ ಹೊಸ ವರ್ಷಕ್ಕೆ ಮಾರ್ಕೆಟ್ ಮುಚ್ಚಿತು, ಎರಡು ಜೊತೆ ಬಟ್ಟೆ ತಗೊಂಡು ಊರಿಗೆ ಬಂದೆ. ಮುಂದಿನದು ನಿಮಗೆ ಗೊತ್ತು. ಮಾರ್ಚ್ 28ರಿಂದ ವಿದೇಶಿಯರಿಗೆ ಚೀನಾ ಬಾಗಿಲು ಹಾಕಿತು. ನನ್ನ ರೂಮಿನ ಸಾಮಾನನ್ನೆಲ್ಲ ಲಾವ್‌ಪಾನ್ ನ್ಯಾಂಗ್ ತನ್ನ ಗೋಡೌನಿಗೆ ಸಾಗಿಸಿ ವೀಚಾಟಿನಲ್ಲಿ ಫೋಟೊ ಕಳಿಸಿದಳು. ಜೂನ್ ಕೊನೆಗೆ ನಮ್ಮ ಸರ್ಕಾರ 59 ಚೀನೀ ಆ್ಯಪ್ ನಿಷೇಧಿಸಿತು, ಅದರಲ್ಲಿ ವೀಚಾಟ್ ಕೂಡ. ಐದು ವರ್ಷದ ಪರಿಚಯವೆಲ್ಲ ಇದ್ದದ್ದು ಅದರೊಳಗೆ. ಅವಳ ಫೋನ್ ನಂಬರ್ ಕೂಡ ನಾನು ಬರೆದಿಟ್ಟುಕೊಂಡಿರಲಿಲ್ಲ.

ಅಷ್ಟರಲ್ಲಿ ಆಟಿಕೆ ಮೇಲಿನ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತ್ತು. 2021ರ ಜನವರಿಯಿಂದ ಐಎಸ್‌ಐ ಗುರುತಿಲ್ಲದ ಆಟಿಕೆ ಮಾರುವ ಹಾಗಿಲ್ಲ ಅಂತಾಯ್ತು. ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಸೂಚಕ ಇರುವ ಗೊಂಬೆಗಳಿಗೆ ವಿನಾಯಿತಿ ಕೊಟ್ರು, ಚನ್ನಪಟ್ಟಣ ಬಚಾವಾಯ್ತು. ನನ್ನ ಕೆಲಸ ಹೋಯ್ತು. ಅಪ್ಪನಿಗೆ ಆರ್ಡರ್ ಬಂತು. ಈಗ ಅವರ ಲೆಕ್ಕ ನಾನೇ ಬರೀತೀನಿ.

2024ರಲ್ಲಿ ಲೇತ್ ಮಷೀನಿನ ಬಿಡಿಭಾಗ ನೋಡೋಕೆ ಅಂತ ಹತ್ತು ದಿನ ಯಿವುಗೆ ಹೋದೆ, ಹಾಂಗ್‌ಕಾಂಗ್ ಸುತ್ತಿಕೊಂಡು. ನೋಟು ತಗೊಳ್ಳೋರು ಅಪರೂಪ, ಅಲಿಪೇಗೆ ವಿದೇಶಿ ಕಾರ್ಡ್ ಜೋಡಿಸಿಕೊಂಡು ಹೋಗಿದ್ದಕ್ಕೆ ಬದುಕಿದೆ. ಅಂಗಡಿ ಅಲ್ಲೇ ಇತ್ತು. ಅವಳ ಮಗ ಫೋನ್ ಮುಂದೆ ನಿಂತು ಲೈವ್‌ನಲ್ಲಿ ಗೊಂಬೆ ಮಾರ್ತಿದ್ದ. ಅವಳು ನನ್ನ ನೋಡಿ ಮೊದಲು ಹೇಳಿದ್ದು, ಗೋಡೌನಿನಲ್ಲಿ ನಿನ್ನ ಕುಕ್ಕರ್ ಇದೆ, ಜಾಗ ಹಿಡೀತಿದೆ ಅಂತ. ರೂಮಿನವನಿಂದ ನನ್ನ ಅಡ್ವಾನ್ಸ್ ವಸೂಲಿ ಮಾಡಿ ಇಟ್ಟಿದ್ದಳು. ಸಾಗಣೆ ಖರ್ಚು ಹಿಡ್ಕೊಂಡು ಉಳಿದದ್ದು ಕೊಟ್ಟಳು.

ಗಿಲಕಿ ಇನ್ನೂ ಆ ಮೊಳೆಯಲ್ಲೇ ಇತ್ತು, ಅಪ್ಪ ಮಾಡಿದ್ದು. ಹಿಡಿ ಬಿರುಕು ಬಿಟ್ಟಿತ್ತು. ಯುನ್‌ಹದಲ್ಲಿ ರಿಪೇರಿ ಮಾಡಿಸೋಕೆ ನೋಡಿದಳಂತೆ, ಆ ಮುದುಕ ತೀರಿಕೊಂಡಿದ್ದ. ಅರಗು ಹಿಡಿಸೋದು ಬೇರೆ ಯಾರಿಗೂ ಬರೋದಿಲ್ಲ. ನಿಮ್ಮಪ್ಪನ ಹತ್ತಿರ ಸರಿ ಮಾಡಿಸಿ ತಂದುಕೊಡು ಅಂದಳು.

ಕಳೆದ ಅಕ್ಟೋಬರಿನಿಂದ, 2025ರಿಂದ, ಕೋಲ್ಕತ್ತಾ-ಗುವಾಂಗ್‌ಝೌ ನೇರ ವಿಮಾನ ಮತ್ತೆ ಶುರುವಾಗಿದೆ. ಮುಂದಿನ ತಿಂಗಳು ಹೊರಟಿದ್ದೀನಿ. ಅಪ್ಪ ಹೊಸ ಹಿಡಿ ಕಡೆದು ಹಾಕಿದ್ದಾರೆ. ಜೊತೆಗೆ ನೀಲಿ ಬಣ್ಣದ್ದು ಇನ್ನೊಂದು ಮಾಡಿಕೊಟ್ಟಿದ್ದಾರೆ, ಆ ಯಮ್ಮನಿಗೆ ಕೊಡು ಅಂತ. ಎಷ್ಟು ಪೀಸು ಅಂತ ಕೇಳಿದ್ರೆ ಒಂದೇ ಅನ್ನು ಅಂದಿದ್ದಾರೆ.