ಡೈರಿಯ ಕಂಪ್ಯೂಟರು, ಜೇಬಿನ ಮೊಬೈಲು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಆಡಳಿತ ಮಂಡಳಿಯ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರು, ಮೊಬೈಲು ಇವುಗಳ ವಿಚಾರ ನೀವೇ ನಾಲ್ಕು ಮಾತು ಹೇಳಿ ಅಂತ ಕಾರ್ಯದರ್ಶಿಗಳು ನಮಗೆ ಗಂಟು ಹಾಕಿದ್ದಾರೆ. ನಾವು ಓದಿದ್ದು ಎಸ್‌ಎಸ್‌ಎಲ್‌ಸಿ. ಇಂಜಿನಿಯರು ಅಲ್ಲ. ಆದರೆ ಯಾವುದಾದರೂ ಯಂತ್ರ ಕಂಡರೆ ಬಿಚ್ಚಿ ನೋಡುವ ಚಾಳಿ ಚಿಕ್ಕಂದಿನಿಂದ ಇದೆ. ಮನೆಯ ರೇಡಿಯೋ ಬಿಚ್ಚಿ ತಿರುಗಿ ಜೋಡಿಸಲಾಗದೆ ಅಪ್ಪನ ಕೈಲಿ ಏಟು ತಿಂದಿದ್ದೀವಿ. ಹಾಗಾಗಿ ಇಲ್ಲಿ ಹೇಳೋದೆಲ್ಲ ಪುಸ್ತಕದ್ದಲ್ಲ, ಕೆಡಿಸಿ ಕಲಿತದ್ದು.

2000ದಲ್ಲಿ ಸಂಘ ಶುರುವಾದಾಗ ನಮ್ಮಲ್ಲಿ ಇದ್ದ ಯಂತ್ರ ಅಂದರೆ ಕೈಯಲ್ಲಿ ತಿರುಗಿಸುವ ಸೆಂಟ್ರಿಫ್ಯೂಜ್ ಒಂದೇ. ಹಿರಿಯರಿಗೆ ಜ್ಞಾಪಕ ಇರಬೇಕು. ಗಾಜಿನ ಬ್ಯುಟಿರೋಮೀಟರಿಗೆ 10 ಮಿಲಿ ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಕುಲುಕಿ, ತಿರುಗಿಸಿ, ಆಮೇಲೆ ಬೆಳಕಿಗೆ ಹಿಡಿದು ಫ್ಯಾಟ್ ಓದೋರು. ಟೆಸ್ಟರ್ ಅಂಗಿಯಲ್ಲಿ ಆಸಿಡ್ ಬಿದ್ದ ತೂತುಗಳು ಇದ್ದೇ ಇರೋವು. ಲೆಕ್ಕವೆಲ್ಲ ಉದ್ದನೆಯ ಲೆಡ್ಜರಿನಲ್ಲಿ. ಬಟವಾಡೆಯ ಹಿಂದಿನ ರಾತ್ರಿ ಕಾರ್ಯದರ್ಶಿಗಳ ಮನೇಲಿ ದೀಪ ಆರ್ತಾ ಇರಲಿಲ್ಲ.

ಈಗ ಹಾಲು ಸುರಿದ ಕೂಡಲೇ ತೂಕ, ಫ್ಯಾಟು, ಎಸ್‌ಎನ್‌ಎಫ್, ದರ ಎಲ್ಲಾ ಮುದ್ರಿಸಿ ಚೀಟಿ ಹೊರಗೆ ಬರ್ತದೆ. ಒಳ್ಳೇದೇ. ಆದರೆ ಯಂತ್ರ ಬಂದ ಮೇಲೆ ಜಗಳ ನಿಂತಿತು ಅಂತ ಯಾರಾದರೂ ಹೇಳಿದರೆ ಅವರು ನಮ್ಮೂರಿನವರಲ್ಲ.

ಯಂತ್ರ ಬಂದ ಎರಡನೇ ವರ್ಷದ ಮಾತು. ನಮ್ಮ ಸದಸ್ಯರೊಬ್ಬರು, ಹೆಣ್ಣುಮಗಳು, ಎರಡು ಹಸು ಕಟ್ಟಿಕೊಂಡು ಸಂಸಾರ ನಡೆಸೋರು. ಅವರ ಹಾಲಿಗೆ ಯಾವಾಗಲೂ 4ರ ಆಸುಪಾಸು ಬರ್ತಿದ್ದ ಫ್ಯಾಟು ಒಂದು ವಾರದಿಂದ 3.3ಕ್ಕೆ ಇಳೀತು. "ನೀರು ಹಾಕಿದೀಯಾ" ಅಂತ ಕ್ಯೂನಲ್ಲಿದ್ದ ಯಾರೋ ಅಂದುಬಿಟ್ಟರು. ಆಯಮ್ಮ ಒಂದು ಮಾತೂ ಆಡಲಿಲ್ಲ. ಕ್ಯಾನು ಎತ್ತಿಕೊಂಡು ಹೋದವರು ಮೂರು ತಿಂಗಳು ಡೈರಿ ಕಡೆ ತಲೆ ಹಾಕಲಿಲ್ಲ, ಖಾಸಗಿಯವರಿಗೆ ಹಾಲು ಹಾಕಿದರು. ಆಮೇಲೆ ಇನ್ನೂ ನಾಲ್ಕು ಮನೆಯವರದೂ ಅದೇ ದೂರು ಬಂತು. ಆಗ ಅಟ್ಟದ ಮೇಲಿದ್ದ ಹಳೇ ಬ್ಯುಟಿರೋಮೀಟರ್ ಇಳಿಸಿದೆವು. ಒಂದೇ ಸ್ಯಾಂಪಲ್ ಎರಡು ಕಡೆ ನೋಡಿದರೆ ಯಂತ್ರದಲ್ಲಿ 3.3, ಗಾಜಿನಲ್ಲಿ 3.9! ರಿಪೇರಿಯವರು ಬಂದು ಬಿಚ್ಚಿದಾಗ ಒಳಗಿನ ಸಣ್ಣ ಕೊಳವೆಯಲ್ಲಿ ಹಾಲಿನ ಕರೆ ಗಟ್ಟಿ ಕಟ್ಟಿಕೊಂಡಿತ್ತು. ತಪ್ಪು ಹಸುವಿನದೂ ಅಲ್ಲ, ಆಯಮ್ಮನದೂ ಅಲ್ಲ. ಪ್ರತಿ ಹೊತ್ತು ಹಾಲು ಮುಗಿದ ಮೇಲೆ ಯಂತ್ರಕ್ಕೆ ಬಿಸಿನೀರು ಎಳೆಸಬೇಕು, ಹೇಳಿದ ಹಾಗೆ ತೊಳೆಯುವ ದ್ರಾವಣ ಹಾಕಬೇಕು. ಅದನ್ನು ನಾವು ಆಡಳಿತ ಮಂಡಳಿಯವರು ವಿಚಾರಿಸಿಯೇ ಇರಲಿಲ್ಲ. ವ್ಯತ್ಯಾಸದ ಹಣ ಆಯಾ ಸದಸ್ಯರಿಗೆ ಕೊಡಬೇಕೆಂದು ಠರಾವು ಮಾಡಿ ಕೊಟ್ಟೆವು. ಆದರೆ ಆ ಮಾತು ಅಂದದ್ದನ್ನು ಠರಾವಿನಲ್ಲಿ ಹಿಂದಕ್ಕೆ ತಗೊಳ್ಳೋಕೆ ಆಗ್ತದೆಯೇ? ನಾವೇ ನಾಲ್ಕು ಜನ ಅವರ ಮನೆಗೆ ಹೋಗಿ ತಪ್ಪಾಯಿತು ಅಂತ ಕೇಳಿಕೊಂಡು ಬಂದೆವು.

ಹಾಗಂತ ಪ್ರತಿಸಲ ಯಂತ್ರದ್ದೇ ತಪ್ಪು ಅನ್ನಬೇಡಿ. ಕರೆಯುವಾಗ ಮೊದಲು ಬರುವ ಹಾಲು ತೆಳು, ಕಡೆಯಲ್ಲಿ ಬರುವ ಹಾಲಿನಲ್ಲೇ ಕೊಬ್ಬು ಹೆಚ್ಚು. ಕಡೇ ಹಾಲು ಕರುವಿಗೆ ಬಿಟ್ಟು, ಮೊದಲಿನದು ಡೈರಿಗೆ ತಂದು, ಫ್ಯಾಟು ಇಲ್ಲ ಅಂದರೆ ಯಂತ್ರ ಏನು ಮಾಡೀತು? ನೊರೆ ಇರುವ ಹಾಲನ್ನು ಹಾಗೇ ಪರೀಕ್ಷೆಗೆ ಕೊಟ್ಟರೂ ಗುಳ್ಳೆಗಳಿಂದ ಲೆಕ್ಕ ತಪ್ತದೆ. ಸ್ಯಾಂಪಲ್ ತೆಗೆಯುವ ಮುಂಚೆ ಹಾಲನ್ನು ಚೆನ್ನಾಗಿ ಕಲಕಬೇಕು, ನೊರೆ ಇಳಿಯೋಕೆ ಬಿಡಬೇಕು. ತೂಕದ ಯಂತ್ರದ್ದೂ ಅಷ್ಟೇ. ಪಾತ್ರೆ ಇಟ್ಟು ಸೊನ್ನೆ ಬಂದಿದೆಯೇ ನೋಡಿಯೇ ಹಾಲು ಸುರೀರಿ, ಫ್ಯಾನಿನ ಗಾಳಿ ನೇರ ಅದರ ಮೇಲೆ ಬೀಳಬಾರದು. ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಆಗಬೇಕು. ಮುದ್ರೆ ಆಗಿದೆಯಾ ಅಂತ ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇದೆ, ಕೇಳಿದರೆ ಕಾರ್ಯದರ್ಶಿಗಳು ಸಿಟ್ಟಾಗಬಾರದು. (ಅವರು ಇಲ್ಲೇ ಕೂತು ನಗ್ತಾ ಇದ್ದಾರೆ.)

ಇನ್ನು ಕಂಪ್ಯೂಟರ್. 2018ರ ಮುಂಗಾರು ಪೂರ್ವ ಮಳೆಯಲ್ಲಿ ಒಂದು ಸಂಜೆ ಸಿಡಿಲು ಹೊಡೆದು ನಮ್ಮ ಕಂಪ್ಯೂಟರ್ ಸುಟ್ಟಿತು. ಯುಪಿಎಸ್ ಇತ್ತಲ್ಲ ಅಂತ ಎಲ್ಲರೂ ಕೇಳಿದರು. ಯುಪಿಎಸ್ ಕರೆಂಟ್ ಹೋದಾಗ ಹತ್ತಿಪ್ಪತ್ತು ನಿಮಿಷ ಉಸಿರು ಕೊಡುವ ಪೆಟ್ಟಿಗೆ, ಸಿಡಿಲು ತಡೆಯೋದಲ್ಲ. ಮಿಂಚು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಇಡಬೇಕು, ಇಂಟರ್‌ನೆಟ್ ತಂತಿಯನ್ನೂ ಕೀಳಬೇಕು. ನಮ್ಮದು ಆ ತಂತಿಯಿಂದಲೇ ಹೋಗಿದ್ದು ಅಂತ ರಿಪೇರಿಯವರು ಹೇಳಿದರು.

ಪೆಟ್ಟಿಗೆ ಹೋದದ್ದು ದೊಡ್ಡದಲ್ಲ. ಒಳಗೆ ಹನ್ನೊಂದು ದಿನದ ಹಾಲಿನ ಲೆಕ್ಕ ಇತ್ತು, ಬೇರೆ ಎಲ್ಲೂ ನಕಲು ಇರಲಿಲ್ಲ. ಬಟವಾಡೆಗೆ ನಾಲ್ಕೇ ದಿನ. ರಾತ್ರಿ ಮೈಕಿನಲ್ಲಿ ಸಾರಿಸಿದೆವು: ಯಾರ ಹತ್ತಿರ ಚೀಟಿ ಇದೆಯೋ ತನ್ನಿ ಅಂತ. ಬೆಳಿಗ್ಗೆ ಜನ ಬಂದರು ನೋಡಿ, ಟ್ರಂಕಿನಿಂದ, ದೇವರ ಗೂಡಿನಿಂದ, ಸೀರೆ ಮಡಿಕೆಯಿಂದ ಚೀಟಿ ತೆಗೆದರು. ಒಬ್ಬ ಅಜ್ಜಿ ಗೋಡೆ ಮೊಳೆಗೆ ದಿನಕ್ಕೆರಡರಂತೆ ಒಂದೂ ಬಿಡದೆ ಚುಚ್ಚಿಟ್ಟಿದ್ದರು. ಅವರಿಗೆ ಓದು ಬರ್ತಿರಲಿಲ್ಲ. ಒಲೆ ಹತ್ತಿರ ಇಟ್ಟಿದ್ದವರ ಚೀಟಿ ಮಾತ್ರ ಪೂರಾ ಕರ್ರಗಾಗಿತ್ತು. ಈಗಿನ ಚೀಟಿ ಶಾಯಿಯದಲ್ಲ, ಕಾಗದ ಬಿಸಿಯಾದರೆ ಕಪ್ಪಾಗುವಂಥದ್ದು. ಮುದ್ರಣವಾಗೋದೂ ಶಾಖದಿಂದಲೇ. ಬಿಸಿಲು, ಒಲೆಗೆ ಇಟ್ಟರೆ ಕೆಡ್ತದೆ, ಸುಮ್ಮನೆ ಇಟ್ಟರೂ ಕೆಲವು ತಿಂಗಳಿಗೆ ಅಕ್ಷರ ಮಾಸ್ತದೆ. ಅದಕ್ಕೇ ಹೇಳ್ತೀವಿ, ಬೇಕಾದ ಚೀಟಿಯ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಚೀಟಿ ಇಲ್ಲದವರ ಲೆಕ್ಕವನ್ನು ಅವರ ಬಾಯಿ ಮಾತಿನ ಮೇಲೆ, ಹಿಂದಿನ ವಾರದ ಸರಾಸರಿಗೆ ತಾಳೆ ನೋಡಿ ಬರೆದೆವು. ಹೆಚ್ಚು ಹೇಳಿದವರು ಇರಲಿಲ್ಲ ಅಂತ ಅಲ್ಲ, ಇಬ್ಬರು ಇದ್ದರು, ಹೆಸರು ಬೇಡ.

ಅವತ್ತಿನಿಂದ ಸಂಘದಲ್ಲಿ ಎರಡು ಪೆನ್‌ಡ್ರೈವ್ ಇವೆ. ಸಂಜೆ ಹಾಲು ಮುಗಿದ ಮೇಲೆ ಒಂದಕ್ಕೆ ನಕಲು ಆಗ್ತದೆ, ಅದು ಕಾರ್ಯದರ್ಶಿಗಳ ಮನೆಗೆ ಹೋಗ್ತದೆ, ಮಾರನೇ ದಿನ ಇನ್ನೊಂದು. ಎರಡೂ ಡೈರಿಯ ಅದೇ ಮೇಜಿನ ಡ್ರಾಯರಿನಲ್ಲಿ ಇಟ್ಟರೆ ನಕಲು ಮಾಡಿ ಏನು ಪ್ರಯೋಜನ? ಮನೆಯಲ್ಲಿ ಮಕ್ಕಳ ಕಂಪ್ಯೂಟರ್ ಇರೋರಿಗೂ, ಮೊಬೈಲಿನಲ್ಲಿ ಮದುವೆ ಫೋಟೋ, ಪಹಣಿ ಫೋಟೋ ಇಟ್ಟುಕೊಂಡಿರೋರಿಗೂ ಇದೇ ಮಾತು.

ಈ ಸ್ಮರಣ ಸಂಚಿಕೆಗೆ ಲೇಖನ ಕೂಡಿಸುವಾಗ ಒಂದು ತಮಾಷೆ ಆಯಿತು. ನಮ್ಮ ಮೇಷ್ಟ್ರು ಹಳೇ ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದ ಕವನವನ್ನು ಪ್ರೆಸ್ಸಿನವರು ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ವೈರಸ್ಸು ಅಂತ ಮೇಷ್ಟ್ರು ಗಾಬರಿಯಾದರು. ವೈರಸ್ಸಲ್ಲ. ಹಳೇ ನುಡಿಯ ಅಕ್ಷರಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರ್ತವೆ, ಆ ಫಾಂಟ್ ಇಲ್ಲದ ಕಡೆ ನಿಜ ವೇಷ ಕಾಣ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಅಂಕೆ, ಈಗಿನ ಯಾವ ಫೋನಿನಲ್ಲಾದರೂ ಕನ್ನಡವಾಗೇ ಕಾಣ್ತದೆ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶವೂ ಇದೆ, ಕವನ ಉಳೀತು. ಗಣಕದಲ್ಲಿ ಕನ್ನಡ ಕೂರಿಸಲು ದುಡಿದ ಕೆ. ಪಿ. ರಾವ್ ಅವರನ್ನು ಈ ಹೊತ್ತಿನಲ್ಲಿ ನೆನೀಬೇಕು. ನಮ್ಮ ಕಾರ್ಯದರ್ಶಿಗಳು ಒತ್ತುವ ಕೀಲಿಮಣೆಯ ವಿನ್ಯಾಸ ಅವರದು. ಟೈಪ್ ಬಾರದವರು ಮೊಬೈಲಿನ ಕೀಲಿಮಣೆಯಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿ, ಅದೇ ಬರ್ಕೊಳ್ತದೆ. ನಮ್ಮ ಕಡೆ ಮಾತಿಗೆ ಅಲ್ಲಲ್ಲಿ ತಪ್ಪು ಬರೀತದೆ, ಕಳಿಸುವ ಮುಂಚೆ ಒಂದು ಸಲ ಓದಿ.

ಈಗ ಮೊಬೈಲಿಗೆ ಬರ್ತೀವಿ. ಹಾಲು ಕರೆಯುವಾಗ ಮೇಲಿನ ಜೇಬಿನಿಂದ ಫೋನು ಬಕೆಟ್ಟಿಗೆ ಬೀಳೋದು ನಮ್ಮೂರಿನ ವಿಶೇಷ. ಬಿದ್ದರೆ ಕೂಡಲೇ ಆಫ್ ಮಾಡಿ, ಒರೆಸಿ, ಸಿಮ್ ತೆಗೆದು, ನೆರಳಿನಲ್ಲಿ ಗಾಳಿಗೆ ಇಡಿ. ಚಾರ್ಜಿಗೆ ಹಾಕಬೇಡಿ. ಅಕ್ಕಿಯಲ್ಲಿ ಹೂಳಬೇಡಿ, ಅಕ್ಕಿಯ ತೌಡು ಒಳಗೆ ಸೇರ್ತದೆ. ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ಟ್ರ್ಯಾಕ್ಟರಿನ ಬಾನೆಟ್ ಮೇಲೆ ಬಿಸಿಲಿಗೆ ಇಟ್ಟು ಹಾಡು ಕೇಳೋರಿಗೆ ಹೇಳಿದ್ದು. ಬ್ಯಾಟರಿ ಊದಿ ಫೋನಿನ ಬೆನ್ನು ಎದ್ದಿದ್ದರೆ ಆ ಫೋನನ್ನು ಅವತ್ತೇ ನಿಲ್ಲಿಸಿ. ಮಕ್ಕಳ ಕೈಗಂತೂ ಕೊಡಲೇಬೇಡಿ, ಒತ್ತಿ ಚುಚ್ಚಿದರೆ ಹೊತ್ತಿಕೊಳ್ತದೆ. ಫೋನು ನಿಧಾನವಾಯಿತು, ಜಾಗ ಇಲ್ಲ ಅನ್ನೋರು ಶುಭೋದಯದ ಫೋಟೋಗಳನ್ನು ನೋಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಇಳಿಯುವುದನ್ನು ನಿಲ್ಲಿಸಿದರೆ ಅರ್ಧ ಕಾಯಿಲೆ ವಾಸಿ.

ದುಡ್ಡಿನ ವಿಚಾರಕ್ಕೆ ಸ್ವಲ್ಪ ಕಿವಿಗೊಡಿ. ಹೋದ ವರ್ಷ ನಮ್ಮ ಸದಸ್ಯರೊಬ್ಬರಿಗೆ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬಂತು. ಪರಿಚಯದವರ ನಂಬರಿನಿಂದಲೇ. ಕೊನೆಯಲ್ಲಿ ಎಪಿಕೆ ಅಂತ ಇತ್ತು. ಒತ್ತಿದರು, ಅದೇನೋ ಕೇಳಿತು, ಎಲ್ಲದಕ್ಕೂ ಹೂಂ ಅಂದರು. ರಾತ್ರಿ ಖಾತೆಯಿಂದ 48,000 ಹೋಯಿತು. ಹಸು ಕೊಳ್ಳೋಕೆ ಸಾಲ ತಂದಿಟ್ಟಿದ್ದ ಹಣ. ಮರ್ಯಾದೆಗಂಜಿ ಮೂರು ದಿನ ಯಾರಿಗೂ ಹೇಳಲಿಲ್ಲ, ಮನೆಯವರಿಗೂ ಹೇಳಲಿಲ್ಲ. ನಮಗೆ ತಿಳಿದು ದೂರು ಕೊಡಿಸುವ ಹೊತ್ತಿಗೆ ಹಣ ಎಲ್ಲೆಲ್ಲೋ ದಾಟಿಯಾಗಿತ್ತು, ಇವತ್ತಿಗೂ ಬಂದಿಲ್ಲ.

ಎಪಿಕೆ ಅಂದರೆ ಕಾಗದವೂ ಅಲ್ಲ, ಫೋಟೋನೂ ಅಲ್ಲ, ಫೋನಿನೊಳಗೆ ಕೂತುಕೊಳ್ಳುವ ತಂತ್ರಾಂಶ. ನೀವು ಹೂಂ ಅಂದರೆ ನಿಮ್ಮ ಮೆಸೇಜು, ಒಟಿಪಿ ಎಲ್ಲಾ ಅದು ಓದ್ತದೆ. ಕಿಸಾನ್ ಸಮ್ಮಾನ್ ಪಟ್ಟಿ, ಗಾಡಿ ದಂಡ, ಬ್ಯಾಂಕ್ ಕೆವೈಸಿ, ಯಾವ ಹೆಸರಿನಲ್ಲಿ ಬಂದರೂ ಒತ್ತಬೇಡಿ. ಕಳಿಸಿದವರು ಭಾವಮೈದುನನೇ ಆಗಿರಲಿ, ಮೊದಲು ಅವರಿಗೆ ಫೋನ್ ಮಾಡಿ ಕೇಳಿ. ಯುಪಿಐನಲ್ಲಿ ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ, ಪಿನ್ ಒತ್ತಿದಿರಿ ಅಂದರೆ ಹಣ ಹೋಗ್ತದೆ ಅಂತಲೇ ಅರ್ಥ. ಪೊಲೀಸ್ ಉಡುಪಿನಲ್ಲಿ ವೀಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅಂದರೆ ಕಟ್ ಮಾಡಿ, ಕಾನೂನಿನಲ್ಲಿ ಅಂಥದ್ದು ಇಲ್ಲ. ಅಕಸ್ಮಾತ್ ಹಣ ಹೋದರೆ 1930 ನಂಬರಿಗೆ ಕೂಡಲೇ ಫೋನ್ ಮಾಡಿ. ಬೆಳಗಾಗಲಿ ಅನ್ನಬೇಡಿ. ಕಳ್ಳರು ಅದನ್ನು ಇನ್ನೊಂದು ಖಾತೆಗೆ ದಾಟಿಸುವ ಮುಂಚೆ ತಡೆದರೆ ಸಿಗುವ ಸಾಧ್ಯತೆ ಇದೆ.

ಬೆರಳಚ್ಚಿನದೂ ಒಂದು ಇದೆ. ಆಧಾರ್ ಮೂಲಕ ಬೆರಳಿಟ್ಟು ಹಣ ತೆಗೆಯುವ ವ್ಯವಸ್ಥೆಯಲ್ಲಿ ನಕಲು ಬೆರಳಚ್ಚಿನಿಂದ ಕದ್ದವರಿದ್ದಾರೆ. ಆಧಾರಿನ ಆಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಹಾಕಿದರೆ ಪಡಿತರ ಅಂಗಡಿಯಲ್ಲೂ ಬೆರಳು ತಗೊಳ್ಳಲ್ಲ, ಅಕ್ಕಿ ತರುವ ದಿನ ಬೀಗ ತೆಗೀಬೇಕು. ಇದು ತಲೆನೋವೇ, ಸುಳ್ಳು ಹೇಳಲ್ಲ. ಆದರೂ ನಾವು ಹಾಕಿದ್ದೀವಿ.

ಹಾಲಿನ ಪ್ರೋತ್ಸಾಹಧನ ಬಂದಿಲ್ಲ ಅಂತ ಡೈರಿಯಲ್ಲಿ ಕೂಗಾಡುವವರಿಗೂ ಒಂದು ಮಾತು. ಸರ್ಕಾರದ ಆ ಹಣ ಹೋಗೋದು ನೀವು ಕಡೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ಮಧ್ಯೆ ಎಲ್ಲೋ ಸಾಲಕ್ಕೋ ಸಿಲಿಂಡರಿಗೋ ಅಂತ ಹೊಸ ಖಾತೆ ತೆರೆದು ಆಧಾರ್ ಕೊಟ್ಟಿದ್ದರೆ ಹಣ ಅಲ್ಲಿ ಕೂತಿರಬಹುದು. ಹೋದ ತಿಂಗಳು ಒಬ್ಬರದು ಎರಡು ವರ್ಷದ ಹಣ ಹಾಗೆ ಸಿಕ್ಕಿತು. ಅವರು ಅಷ್ಟು ದಿನ ನಮ್ಮನ್ನು ಬೈದದ್ದನ್ನು ಮರೆತು ಮೈಸೂರುಪಾಕು ಹಂಚಿದರು.

ಫೋನು ಕಳೆದರೆ ಮೊದಲು ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ. ಆಮೇಲೆ ಪೊಲೀಸ್ ದೂರಿನ ಜೊತೆ ಸಂಚಾರ್ ಸಾಥಿ ತಾಣದಲ್ಲಿ ಫೋನನ್ನೇ ನಿರ್ಬಂಧಿಸಬಹುದು. ಅದಕ್ಕೆ 15 ಅಂಕಿಯ ಐಎಂಇಐ ನಂಬರ್ ಬೇಕು. ಫೋನು ಕೈಲಿರುವಾಗಲೇ ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿ, ಬಂದ ನಂಬರನ್ನು ಸಂಘದ ಪಾಸ್ ಪುಸ್ತಕದ ಹಿಂದೆ ಬರೆದಿಡಿ. ಈಗಲೇ ಒತ್ತಿ ನೋಡಿ ಬೇಕಾದರೆ, ನಾವು ಕಾಯ್ತೀವಿ.

ಊಟದ ಹೊತ್ತಾಯಿತು, ಅಡುಗೆಯವರು ಕಣ್ಣು ಬಿಡ್ತಾ ಇದ್ದಾರೆ. ಭಾನುವಾರ ಬೆಳಿಗ್ಗೆ ಹಾಲು ಮುಗಿದ ಮೇಲೆ ನಾವು ಒಂಬತ್ತರ ತನಕ ಡೈರಿಯಲ್ಲೇ ಇರ್ತೀವಿ. ಫೋನಿನ ಬಗ್ಗೆ ಏನೇ ಅನುಮಾನ ಇದ್ದರೂ ತನ್ನಿ, ಹೆಂಗಸರೂ ಸಂಕೋಚ ಇಲ್ಲದೆ ಬನ್ನಿ. ಪಿನ್ ಮಾತ್ರ ನಮಗೂ ಹೇಳಬೇಡಿ.