ಅಂಡಾಶಯವೂ ಕಿರು ಆರ್‌ಎನ್‌ಎಗಳೂ

ಶಿವಾಜಿನಗರದಲ್ಲಿ ಬಸ್ಸಿಳಿದು ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ಕಡೆ ನಡೆಯುವ ಹೆಂಗಸರನ್ನು ನೀವು ಕಂಡಿರುತ್ತೀರಿ. ಹೋದ ವರ್ಷ ಅವರ ನಡುವೆ ನನ್ನ ಅಕ್ಕನೂ ಇದ್ದಳು. ಹಲಸೂರಿನ ಮನೆಯಲ್ಲಿ ಮೂರು ತಿಂಗಳಿಂದ ಅವಳಿಗೆ ಹೊಟ್ಟೆಯುಬ್ಬರ. ಎರಡು ತುತ್ತಿಗೇ ಸಾಕೆನ್ನುವಳು. ವಾಯುವೆಂದು ಓಮದ ಕಷಾಯ ಕುಡಿದು ದಿನ ನೂಕಿದಳು. ಅದು ಅಂಡಾಶಯದ ಕ್ಯಾನ್ಸರ್ ಗೆಡ್ಡೆ.

ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಗಳಿರುತ್ತವೆ. ಪಕ್ವವಾಗಿ ಹೊರಬರುವುವು ಆಯುಷ್ಯದಲ್ಲಿ 400ರಷ್ಟು ಮಾತ್ರ. ಯಾವುದು ಬೆಳೆಯಬೇಕು, ಯಾವುದು ಬಾಡಬೇಕು ಎಂಬಲ್ಲಿ ಹಾರ್ಮೋನುಗಳ ಜೊತೆಗೆ ಮೈಕ್ರೋ ಆರ್‌ಎನ್‌ಎ ಎಂಬ, ಸುಮಾರು 22 ಅಕ್ಷರಗಳ ತುಣುಕುಗಳ ಕೈಯೂ ಇದೆ. ಇವನ್ನು ಮೊದಲು ಕಂಡದ್ದು 1993ರಲ್ಲಿ, ಒಂದು ಮಿಲಿಮೀಟರಿನ ಹುಳುವಿನಲ್ಲಿ. ಕಂಡ ಆಂಬ್ರೋಸ್ ಮತ್ತು ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು.

ವ್ಯಾಕರಣದ ಮೇಷ್ಟರಿಗೆ ಇದು ಲೋಪಸಂಧಿಯಂತೆ ತೋರುತ್ತದೆ. ಬೇರೆ, ಒಬ್ಬ ಸೇರಿದರೆ ಬೇರೊಬ್ಬ. ಎಕಾರ ಮಾತಿನಲ್ಲಿ ಲೋಪವಾಯಿತು. ನಿಘಂಟಿನಲ್ಲಿ ಹಾಗೇ ಇದೆ. ಮೈಕ್ರೋ ಆರ್‌ಎನ್‌ಎಯೂ ಜೀನನ್ನು ಅಳಿಸುವುದಿಲ್ಲ; ಜೀನಿನಿಂದ ಹೊರಟ ಸಂದೇಶಕ್ಕೆ ಅಂಟಿಕೊಂಡು ಅದರ ಬಾಯಿ ಕಟ್ಟುತ್ತದೆ. ಈ ತುಣುಕುಗಳನ್ನು ಕತ್ತರಿಸಿ ಕೊಡುವ ಕಿಣ್ವ ಡೈಸರ್. ಅದರ ಕೊರತೆಯಿದ್ದ ಹೆಣ್ಣಿಲಿಗಳು ಬಂಜೆಯಾದವು: ಅಂಡ ಹೊರಟ ಜಾಗದಲ್ಲಿ ಉಳಿಯುವ ಪೀತಪಿಂಡಕ್ಕೆ ರಕ್ತನಾಳಗಳು ಸರಿಯಾಗಿ ಹಬ್ಬಲಿಲ್ಲ. ಇನ್ನು ಅಂಡಾಶಯದ ಅನೇಕ ಕ್ಯಾನ್ಸರುಗಳಲ್ಲಿ ಲೆಟ್-7 ಎಂಬ ತುಣುಕು ತಗ್ಗಿರುತ್ತದೆ. ಬಾಯಿ ಕಟ್ಟಬೇಕಾದ ಸಂದೇಶಗಳು ಕೂಗಾಡತೊಡಗುತ್ತವೆ.

"ಮಾಮ, ರಕ್ತದಲ್ಲೇ ಇವನ್ನು ನೋಡಿ ಅಮ್ಮನ ಕಾಯಿಲೆ ಮೊದಲೇ ಹಿಡಿಯಬಹುದಿತ್ತೆ?" ಎಂದಳು ಅಕ್ಕನ ಮಗಳು. ಇಲ್ಲ. ಸಂಶೋಧನೆ ನಡೆದಿದೆ, ಆರೋಗ್ಯವಂತರೆಲ್ಲರಿಗೂ ಮಾಡಿ ನಂಬಬಹುದಾದ ಅಂಥ ಪರೀಕ್ಷೆ ಇನ್ನೂ ಬಂದಿಲ್ಲ. ಬಂದಿದೆಯೆಂದು ಹಣ ಕೇಳುವವರಿಗೆ ಕಿವಿಗೊಡಬೇಡಿ. ಆದರೆ ಹೊಟ್ಟೆಯುಬ್ಬರ, ಕಿಬ್ಬೊಟ್ಟೆಯ ನೋವು, ಬೇಗ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ಇವು ಹೊಸದಾಗಿ ಬಂದು ಎರಡು ಮೂರು ವಾರ ಬಿಡದಿದ್ದರೆ ವೈದ್ಯರನ್ನು ಕಾಣಿ. ಸ್ಕ್ಯಾನಿಂಗ್ ಬೇಕೇ ಎಂದು ಬಾಯಿಬಿಟ್ಟು ಕೇಳಿ. ನಮ್ಮ ಹೆಂಗಸರು ಇದನ್ನು ಮನೆಯ ಗಂಡಸರಿಗೆ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ನಾನು ಕೇಳಲಿಲ್ಲ.

ಅಕ್ಕನಿಗೆ ಶಸ್ತ್ರಚಿಕಿತ್ಸೆಯಾಯಿತು, ಆರು ಸರದಿ ಕೀಮೋಥೆರಪಿಯೂ ಆಯಿತು. ಈಗ ಬೆಳಗ್ಗೆ ಹಲಸೂರು ಕೆರೆಯ ಬಳಿ ನಿಧಾನವಾಗಿ ನಡೆಯುತ್ತಾಳೆ. ಮೂರು ತಿಂಗಳಿಗೊಮ್ಮೆ ತಪಾಸಣೆ. ಮುಂದಿನದು ಬರುವ ಸೋಮವಾರ.